ಬಾವುಟ ಕೊಟ್ಟ ಪತ್ತೇದಾರಿ ಕಾದಂಬರಿಕಾರ

(ಪೀಣ್ಯ ಕೈಗಾರಿಕಾ ಪ್ರದೇಶದ ರಾಜ್ಯೋತ್ಸವ ಸಮಾರಂಭದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ.ಗೆ ಓದು ನಿಲ್ಲಿಸಿ ತಂದೆಯವರ ಪ್ರೆಸ್ಸಿಗೆ ಬಂದವನು. ನವೆಂಬರ್ ಬಂತೆಂದರೆ ನಮಗೆ ಸುಗ್ಗಿ. ಕರಪತ್ರ, ಆಹ್ವಾನ ಪತ್ರಿಕೆ, ಚಂದಾ ರಸೀದಿ ಪುಸ್ತಕ, ಭಿತ್ತಿಪತ್ರ, ಎಲ್ಲದರ ಮೇಲೂ ಹಳದಿ ಮತ್ತು ಕೆಂಪು. ಅಚ್ಚು ಹಾಕಿಸಲು ಬರುವ ಹುಡುಗರನ್ನು ನಾನು ಕೇಳುವುದುಂಟು: "ಏನಪ್ಪಾ, ಈ ಬಾವುಟ ಮಾಡಿದವರು ಯಾರು?" ಒಬ್ಬ ಸರ್ಕಾರ ಅನ್ನುತ್ತಾನೆ. ಇನ್ನೊಬ್ಬ ಅಣ್ಣಾವ್ರು ಅನ್ನುತ್ತಾನೆ. ಮತ್ತೊಬ್ಬ ಮೈಸೂರು ಮಹಾರಾಜರು ಅನ್ನುತ್ತಾನೆ. ಹುಡುಗರದ್ದೇನೂ ತಪ್ಪಿಲ್ಲ. ಹೇಳಬೇಕಾದ ನಾವು ಹೇಳಲಿಲ್ಲ, ಅಷ್ಟೆ.

ಬಂಧುಗಳೇ, ಈ ಬಾವುಟವನ್ನು ರೂಪಿಸಿದವರು ಒಬ್ಬ ಪತ್ತೇದಾರಿ ಕಾದಂಬರಿಕಾರರು. ಹೆಸರು ಮ. ರಾಮಮೂರ್ತಿ.

1918ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ತಂದೆ ವೀರಕೇಸರಿ ಸೀತಾರಾಮಶಾಸ್ತ್ರಿಗಳು. ಪತ್ರಕರ್ತರು, ಕಾದಂಬರಿಕಾರರು. ಅಂಥವರ ಮನೆಯಲ್ಲಿ ಬೆಳೆದ ಮಗನಿಗೆ ಲೇಖನಿ ಬಳುವಳಿಯಾಗಿ ಬಂತು. ರಾಮಮೂರ್ತಿಯವರು ಪತ್ರಿಕೆ ನಡೆಸಿದರು. 'ಕನ್ನಡ ಯುವಜನ' ಅವರದೇ. ಪತ್ತೇದಾರಿ ಕಾದಂಬರಿಗಳನ್ನಂತೂ ಒಂದರ ಹಿಂದೊಂದು ಬರೆದರು.

ಪತ್ತೇದಾರಿ ಕಾದಂಬರಿ ಎಂದೊಡನೆ ಮೂಗು ಮುರಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅದೂ ಒಂದು ಸಾಹಿತ್ಯವೇ ಎಂದು ಕೇಳುತ್ತಾರೆ. ಅವರಿಗೆ ಉತ್ತರ ಕೊಡುವಷ್ಟು ವಿದ್ಯೆ ನನಗಿಲ್ಲ. ಆದರೆ ಮೊಳೆ ಜೋಡಿಸುತ್ತಿದ್ದವರ ಮಗನಾಗಿ ಒಂದು ಮಾತು ಹೇಳಬಲ್ಲೆ. ನಮ್ಮ ತಂದೆಯವರು ಕಂಪೋಸಿಟರ್ ಆಗಿದ್ದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಅವರು ನಗುತ್ತಾ ಹೇಳುತ್ತಿದ್ದರು: "ಬೇರೆ ಪುಸ್ತಕವಾದರೆ ಫಾರಂ ಮುಗಿದರೆ ಸಾಕು ಅನ್ನಿಸುತ್ತೆ ಕಣೋ. ಪತ್ತೇದಾರಿ ಪುಸ್ತಕವಾದರೆ ಮುಂದಿನ ಫಾರಂ ಯಾವಾಗ ಬರುತ್ತೋ ಅನ್ನಿಸುತ್ತೆ. ಕೊಲೆಗಾರ ಯಾರು ಅಂತ ಊರಿಗೆ ತಿಳಿಯೋ ಮೊದಲು ನಮಗೆ ತಿಳೀತಿತ್ತು."

ಆ ಪುಸ್ತಕಗಳನ್ನು ಓದುತ್ತಿದ್ದವರು ಯಾರು? ಕಾರ್ಖಾನೆ ಕಾರ್ಮಿಕರು, ಬಸ್ ಕಂಡಕ್ಟರುಗಳು, ಅಂಗಡಿ ಹುಡುಗರು, ಒಲೆ ಮುಂದೆ ಕೂತ ಹೆಣ್ಣುಮಕ್ಕಳು. ಕಾಸು ಕೊಟ್ಟು ಬಾಡಿಗೆಗೆ ತಂದು, ರಾತ್ರೋರಾತ್ರಿ ಓದಿ, ಬೆಳಿಗ್ಗೆ ವಾಪಸ್ ಕೊಡುತ್ತಿದ್ದ ಪುಸ್ತಕಗಳವು. ಚಿಕ್ಕಮಗಳೂರಿನ ಎನ್. ನರಸಿಂಹಯ್ಯನವರನ್ನೇ ನೋಡಿ. ಅವರು ಓದಿದ್ದು ನಾಲ್ಕನೇ ತರಗತಿ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬರೆದು, 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರರ ಗಡಿ ದಾಟಿದ್ದರು. ನಾಲ್ಕನೇ ತರಗತಿಯವರು ಬರೆದದ್ದನ್ನು ಓದಿಯೇ ಎಷ್ಟೋ ನಾಲ್ಕನೇ ತರಗತಿಯವರಿಗೆ ಓದುವ ರುಚಿ ಹತ್ತಿತು. ಆಮೇಲೆ ಅವರೇ ಅ.ನ.ಕೃ. ಓದಿದರು, ತ.ರಾ.ಸು. ಓದಿದರು. ಏಣಿಗೆ ಕೆಳಗಿನ ಮೆಟ್ಟಿಲೇ ಇಲ್ಲದಿದ್ದರೆ ಹತ್ತುವುದು ಹೇಗೆ ಸ್ವಾಮಿ?

ರಾಮಮೂರ್ತಿಯವರು ಆ ಮೆಟ್ಟಿಲು ಕಟ್ಟಿದವರಲ್ಲಿ ಒಬ್ಬರು. ಅಷ್ಟಕ್ಕೇ ನಿಂತಿದ್ದರೆ ಸುಖವಾಗಿ ಬರೆದುಕೊಂಡು ಇರಬಹುದಿತ್ತು. ಆದರೆ ಆಗಿನ ಬೆಂಗಳೂರು ಹೇಗಿತ್ತು? 1956ರ ನವೆಂಬರ್ 1ರಂದು ನಾಡು ಒಂದಾಗಿತ್ತು, ನಿಜ. ರಾಜಧಾನಿಯಲ್ಲಿ ಕನ್ನಡ ಮಾತ್ರ ಬಾಗಿಲ ಹೊರಗೆ ನಿಂತಿತ್ತು. ಕನ್ನಡ ಚಿತ್ರಕ್ಕೆ ಥಿಯೇಟರ್ ಸಿಗುತ್ತಿರಲಿಲ್ಲ. ರಾಮನವಮಿಯ ಸಂಗೀತೋತ್ಸವದಲ್ಲಿ ಕನ್ನಡದ ವಿದ್ವಾಂಸರಿಗೆ ಹಿಂದಿನ ಸಾಲು. ದೊಡ್ಡ ದೊಡ್ಡ ಕಾರ್ಖಾನೆಗಳು ಎದ್ದವು, ಕೆಲಸ ಮಾತ್ರ ನಮ್ಮವರಿಗೆ ದೂರ. 1962ರಲ್ಲಿ ಅ.ನ.ಕೃ. ಅವರು ಬೀದಿಗೆ ಇಳಿದರು. ಆ ಚಳವಳಿಯಲ್ಲಿ ಹೆಗಲು ಕೊಟ್ಟವರು ರಾಮಮೂರ್ತಿ. ಕನ್ನಡಕ್ಕಾಗಿಯೇ ಒಂದು ರಾಜಕೀಯ ಪಕ್ಷ ಬೇಕೆಂದು 'ಕನ್ನಡ ಪಕ್ಷ'ವನ್ನು ಕಟ್ಟಿದರು. ಜನ ಅವರನ್ನು ಕನ್ನಡ ವೀರಸೇನಾನಿ ಎಂದು ಕರೆದರು.

ಆ ಪಕ್ಷಕ್ಕೆಂದು ಅವರು ರೂಪಿಸಿದ್ದೇ ಅರಿಶಿನ ಕುಂಕುಮದ ಬಣ್ಣದ ಬಾವುಟ. ಪಕ್ಷ ಉಳಿಯಲಿಲ್ಲ, ಬಾವುಟ ಉಳಿಯಿತು. ಯಾವ ಶಾಸನವೂ ಅದನ್ನು ಹಾರಿಸಿ ಎಂದು ಹೇಳಿರಲಿಲ್ಲ. ಆಟೋ ಚಾಲಕರು ಹಾರಿಸಿದರು, ಕಾರ್ಮಿಕರು ಹಾರಿಸಿದರು, ಬೀದಿ ಬೀದಿಯ ಸಂಘದವರು ಹಾರಿಸಿದರು. ಮುಂದೆ 2018ರಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿಯ ಪಟ್ಟಿ, ಗಂಡಭೇರುಂಡ ಸೇರಿಸಿ ಒಂದು ನಾಡಧ್ವಜವನ್ನು ಪ್ರಕಟಿಸಿ, ಕೇಂದ್ರದ ಒಪ್ಪಿಗೆಗೆ ಕಳುಹಿಸಿತು. ಜನ ಮಾತ್ರ ಅದಕ್ಕೂ ಅರ್ಧ ಶತಮಾನದ ಹಿಂದೆಯೇ ಒಪ್ಪಿಗೆ ಕೊಟ್ಟು ಮುಗಿಸಿದ್ದರು.

ರಾಮಮೂರ್ತಿಯವರ ಕೊನೆ ನೆನೆದರೆ ಕರುಳು ಕಿವುಚುತ್ತದೆ. 1967ರ ಡಿಸೆಂಬರ್ 25. ಬೆಂಗಳೂರಿನ ಹೊರಗೆ ತಮ್ಮ ಜಮೀನಿನಲ್ಲಿ ಬಾವಿ ತೆಗೆಸುತ್ತಿದ್ದರು. ಮಣ್ಣು ಕುಸಿಯಿತು. ಅವರೂ, ಅವರ ಇಬ್ಬರು ಗಂಡುಮಕ್ಕಳೂ ಅದರಡಿ ಸಿಕ್ಕಿ ಪ್ರಾಣಬಿಟ್ಟರು. ಐವತ್ತು ವರ್ಷ ತುಂಬಿರಲಿಲ್ಲ. ನಾಡಿಗೆ 'ಕರ್ನಾಟಕ' ಎಂಬ ಹೆಸರು ಬಂದ 1973ನ್ನು ಅವರು ಕಾಣಲಿಲ್ಲ. ತಾವು ಕೊಟ್ಟ ಬಾವುಟ ಊರೂರಲ್ಲಿ ಹಾರಿದ್ದನ್ನೂ ಕಾಣಲಿಲ್ಲ.

ಈಗ ನಮ್ಮ ವಿಚಾರಕ್ಕೆ ಬರೋಣ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕಾರ್ಖಾನೆಯಿಂದ ನನಗೆ ಆರ್ಡರ್ ಬಂತು. ಯಂತ್ರದ ಪಕ್ಕ ಅಂಟಿಸುವ ಎಚ್ಚರಿಕೆ ಫಲಕ. ಕೈ ಹಾಕಬೇಡಿ, ಕರೆಂಟ್ ಇದೆ, ಇಂಥವು. ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. "ಸಾರ್, ಕನ್ನಡದಲ್ಲೂ ಹಾಕೋಣ, ಅಕ್ಷರ ಜೋಡಣೆಗೆ ನಾನು ಕಾಸು ತಗೊಳ್ಳಲ್ಲ" ಅಂದೆ. ಬಂದಿದ್ದ ಸೂಪರ್‌ವೈಸರ್ ಕನ್ನಡದವರೇ. "ಕನ್ನಡ ಯಾರು ಓದ್ತಾರೆ ಬಿಡಿ" ಅಂದರು. ಕೈ ಬೆರಳು ಹೋಗುವ ಜಾಗದಲ್ಲಿ ಆಡಿದ ಮಾತು ಅದು! ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತಿದೆ.

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಆಯಿತು. ಅದಕ್ಕಾಗಿ ನಮ್ಮ ಹುಡುಗರು ಬೀದಿಗಿಳಿದರು, ಜೈಲಿಗೂ ಹೋದರು. ಅವರಿಗೆ ನನ್ನ ನಮಸ್ಕಾರ. ಆದರೆ ಕಾನೂನಿನಿಂದ ಫಲಕ ಬರೆಸಬಹುದು, ಓದುಗನನ್ನು ತರಲಾದೀತೇ? ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ರಾಮಮೂರ್ತಿಯಂಥವರ ಬಳಿ ಉತ್ತರವಿತ್ತು. ಸಾವಿರಾರು ಜನ ಬಾಡಿಗೆ ಕೊಟ್ಟು ಓದುತ್ತಾರೆ ಎಂದು ಎದೆ ತಟ್ಟಿ ಹೇಳಬಹುದಿತ್ತು. ನಮ್ಮ ಬಳಿ ಏನಿದೆ?

ಒಂದು ಸಣ್ಣ ಸಂಗತಿ ಹೇಳುತ್ತೇನೆ. ನಮ್ಮ ಬೈಂಡಿಂಗ್ ಕೋಣೆಯಲ್ಲಿ ಊಟದ ಹೊತ್ತಿಗೆ ಹಿರಿಯರೊಬ್ಬರು ಹಳೆಯ ಪತ್ತೇದಾರಿ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಡಿಶಾದಿಂದ ಬಂದ ಹುಡುಗನೊಬ್ಬ ಪಕ್ಕದಲ್ಲಿ ಕೂತು ಕೇಳುತ್ತಿದ್ದ. ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಒಂದು ದಿನ ನನ್ನ ಬಳಿ ಬಂದು, "ಸಾರ್, ಕೊಲೆ ಮಾಡಿದ್ದು ಯಾರು?" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲನೆಯ ಪೂರ್ತಿ ಕನ್ನಡ ವಾಕ್ಯ ಅದು. ಈಗ ಅವನು ಬಸ್ಸಿನ ಬೋರ್ಡು ಓದುತ್ತಾನೆ. ನಾವು ಗದರಿಸಿ ಕಲಿಸಿದ್ದಲ್ಲ. ಮುಂದೇನಾಯಿತು ಎಂಬ ಕುತೂಹಲ ಕಲಿಸಿತು.

ಆದ್ದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಈ ಮಾತು ಪೀಣ್ಯಕ್ಕೆ ಮಾತ್ರವಲ್ಲ, ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಸೇರಿಸಿ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇರಲಿ, ಅನ್ನದಾನ ಇರಲಿ. ಎತ್ತಿದ ಚಂದಾದಲ್ಲಿ ಹತ್ತರಲ್ಲಿ ಒಂದು ಪಾಲು ಪುಸ್ತಕಕ್ಕೆ ತೆಗೆದಿಡಿ. ಧ್ವಜಸ್ತಂಭದ ಹತ್ತಿರದ ಟೀ ಅಂಗಡಿಯಲ್ಲೋ ಕ್ಷೌರದ ಅಂಗಡಿಯಲ್ಲೋ ಒಂದು ಕಪಾಟು ಇಡಿ. ಅದರಲ್ಲಿ ಮೊದಲು ಪತ್ತೇದಾರಿ ಕಾದಂಬರಿ ತುಂಬಿ. ದೊಡ್ಡ ಗ್ರಂಥಗಳು ಆಮೇಲೆ ತಾವಾಗಿಯೇ ಬರುತ್ತವೆ. ಕಪಾಟಿನ ಮೇಲೆ ಮ. ರಾಮಮೂರ್ತಿಯವರ ಹೆಸರು ಬರೆಸಿ. ಆ ಫಲಕವನ್ನು ನಾನು ಉಚಿತವಾಗಿ ಅಚ್ಚು ಹಾಕಿಕೊಡುತ್ತೇನೆ.

ಬಾವುಟ ಕೊಟ್ಟವರು ಪುಸ್ತಕವನ್ನೂ ಕೊಟ್ಟಿದ್ದರು. ನಾವು ಬಾವುಟ ಎತ್ತಿಕೊಂಡು ಪುಸ್ತಕ ಬಿಟ್ಟು ಬಂದಿದ್ದೇವೆ. ಹಿಂದೆ ಹೋಗಿ ಎತ್ತಿಕೊಂಡು ಬರೋಣ.

ಜೈ ಕರ್ನಾಟಕ! ಜೈ ಭುವನೇಶ್ವರಿ!