ನೀರಿನಲ್ಲಿ ಹುಟ್ಟುವ ನ್ಯಾನೋ ಕಣ
(ಬೊಮ್ಮಸಂದ್ರದಲ್ಲಿ ವಿಜ್ಞಾನ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)



ಸತುವಿನ ಆಕ್ಸೈಡ್ ನಿಮಗೆ ಅಪರಿಚಿತವಲ್ಲ. ಕ್ಯಾಲಮೈನ್ ಲೋಷನ್, ವಾಹನದ ಟೈರು, ಬಿಸಿಲಿಗೆ ಹಚ್ಚುವ ಕ್ರೀಮು, ಎಲ್ಲದರಲ್ಲೂ ಅದಿದೆ. ಹಿಂದಿನ ಹಕೀಮರು ಕಣ್ಣಿನ ಔಷಧಿಗೆ ಬಳಸುತ್ತಿದ್ದ ತೂತಿಯಾ ಬಹುಮಟ್ಟಿಗೆ ಇದೇ. ಇದರ ಕಣ 100 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಅದಕ್ಕೆ ನ್ಯಾನೋ ಎಂಬ ಹೆಸರು.

ಇದನ್ನು ಮಾಡಲು ಕೋಟಿ ರೂಪಾಯಿಯ ಯಂತ್ರ ಬೇಡ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲರ ತಂಡ 1980ರ ದಶಕದಲ್ಲೇ ಲೋಹದ ನೈಟ್ರೇಟು ಮತ್ತು ಯೂರಿಯಾವನ್ನು ನೀರಿನಲ್ಲಿ ಕರಗಿಸಿ, ಕುಲುಮೆಯಲ್ಲಿ ಹೊತ್ತಿಸಿ ಆಕ್ಸೈಡುಗಳ ನಯವಾದ ಪುಡಿ ತೆಗೆಯಿತು. ನಿಮ್ಮ ಕಾಲೇಜಿಗೆ ಇನ್ನೂ ಸುಲಭದ ದಾರಿಯಿದೆ. 100 ಮಿಲಿಲೀಟರ್ ಶುದ್ಧ ನೀರಿನಲ್ಲಿ 2.2 ಗ್ರಾಂ ಜಿಂಕ್ ಅಸಿಟೇಟ್ ಕರಗಿಸಿ. 60-70 ಡಿಗ್ರಿಗೆ ಬಿಸಿ ಮಾಡಿ, ಕಲಕುತ್ತಾ, 0.8 ಗ್ರಾಂ ಕಾಸ್ಟಿಕ್ ಸೋಡದ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಬಿಳಿ ಗಷ್ಟು ಕೂರುತ್ತದೆ. ತೊಳೆದು, ಒಣಗಿಸಿ, ಕಾಯಿಸಿದರೆ ಹೆಚ್ಚೆಂದರೆ 0.8 ಗ್ರಾಂ ಪುಡಿ. ಸೋಡ ಅತಿಯಾದರೆ ಕೂತದ್ದೇ ಮತ್ತೆ ಕರಗಿಹೋಗುತ್ತದೆ. ಸತು ಆಮ್ಲಕ್ಕೂ ಕ್ಷಾರಕ್ಕೂ ಮಣಿಯುವ ಲೋಹ. ಕಾಯಿಸುವಾಗ ಪುಡಿ ಹಳದಿಯಾಗಿ, ಆರಿದ ಮೇಲೆ ಬಿಳಿಯಾಗುವುದನ್ನು ಮರೆಯದೆ ನೋಡಿ, ಚೆಂದದ ದೃಶ್ಯ.

ಈಗ ಕೊಂಚ ಕಟುವಾದ ಮಾತು. ಎಲೆಯ ರಸ ಬೆರೆಸಿ 'ಹಸಿರು ವಿಧಾನ' ಎಂದು ಬರೆಯುವ ಪ್ರಾಜೆಕ್ಟ್ ವರದಿಗಳಲ್ಲಿ 'ರಸವು ಸತುವಿನ ಅಯಾನನ್ನು ಅಪಕರ್ಷಿಸಿತು' ಎಂಬ ವಾಕ್ಯ ಪದೇಪದೇ ಬರುತ್ತದೆ. ಬೆಳ್ಳಿಯ ಕಣಕ್ಕೆ ಅದು ಸರಿ. ಆದರೆ ಜಿಂಕ್ ಅಸಿಟೇಟಿನಲ್ಲಿ ಸತು +2, ಆಕ್ಸೈಡಿನಲ್ಲೂ +2. ಅಪಕರ್ಷಣೆ ಆದದ್ದೆಲ್ಲಿ? ರಸ ಕಣಗಳಿಗೆ ಅಂಟಿಕೊಂಡು ಅವು ಬೆಳೆಯದಂತೆ ತಡೆಯಬಹುದು. ಆಕ್ಸೈಡ್ ಮಾಡುವುದು ಕ್ಷಾರ ಮತ್ತು ಶಾಖ. ನಕಲು ಮಾಡಿದ ಒಂದು ವಾಕ್ಯ ಸಂದರ್ಶನದಲ್ಲಿ ಕೆಲಸ ಕಳೆಯಬಲ್ಲದು. ಹಾಗೆಯೇ, ಎಕ್ಸ್‌ರೇ ವಿವರ್ತನೆಯಲ್ಲೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೋ ಅಳೆಯುವ ತನಕ ನಿಮ್ಮದು ಬರೀ ಬಿಳಿ ಪುಡಿ, ನ್ಯಾನೋ ಅಲ್ಲ.

ಇನ್ನು ತೊಳೆದ ನೀರು. ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನೀವು ಮದರಸಾದಲ್ಲೇ ಕೇಳಿದ್ದೀರಿ. ಇಲ್ಲಿ ಪೋಲಷ್ಟೇ ಅಲ್ಲ, ವಿಷದ ಪ್ರಶ್ನೆಯೂ ಇದೆ: ಕರಗಿದ ಸತು ಮೀನಿಗೆ, ಜಲಚರಗಳಿಗೆ ಮಾರಕ. ನಮ್ಮ ಪಕ್ಕದ ಚಂದಾಪುರ ಕೆರೆಯ ಮಾಲಿನ್ಯಕ್ಕಾಗಿ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ವಿಧಿಸಿ ಆದೇಶಿಸಿತ್ತು. ಕಾರ್ಖಾನೆಗಳನ್ನು ಬೈಯುವ ನಾವು ನಮ್ಮ ಬೀಕರನ್ನು ಸಿಂಕಿಗೆ ಬಗ್ಗಿಸುವುದು ಹೇಗೆ? ಮೊದಲ ಸಲ ಸೋಸಿದ ನೀರನ್ನೂ ತೊಳೆದ ನೀರನ್ನೂ ಒಂದು ಕ್ಯಾನಿನಲ್ಲಿ ಕೂಡಿಡಿ. ಪಿಎಚ್ 9ರಿಂದ 10ರ ನಡುವೆ ತಂದರೆ ಉಳಿದ ಸತು ಬಹುಪಾಲು ತಳಕ್ಕೆ ಕೂರುತ್ತದೆ. ಸೋಸಿ, ಒಣಗಿಸಿ, ಡಬ್ಬಿಗೆ ಹಾಕಿ ಚೀಟಿ ಅಂಟಿಸಿ, ಪ್ರಯೋಗಾಲಯದ ಮೇಲ್ವಿಚಾರಕರ ಕೈಗೆ ಕೊಡಿ.