ಗರಡಿ ದುಡಿಯುವವರ ಸೊತ್ತಾಗಲಿ
(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗರಡಿಯ ಮಾತೆತ್ತಿದರೆ ಕೆಲಸಗಾರ, “ಎಂಟು ಗಂಟೆ ಗಿರಣಿಯಲ್ಲಿ ಮೈ ಮುರಿದ ಮೇಲೆ ಇನ್ನೆಲ್ಲಿಯ ಸಾಮು?” ಎನ್ನುತ್ತಾನೆ. ಅಂಗಡಿಯವನು, “ಅದು ಪುಂಡರ ಜಾಗ, ನಮ್ಮ ಹುಡುಗರಿಗೆ ಬೇಡ” ಎನ್ನುತ್ತಾನೆ. ಈ ಎರಡು ಮಾತಿಗೂ ನಾವು ಉತ್ತರ ಕೊಡಬೇಕಾಗಿದೆ.

ದುಡಿಮೆ ಬೇರೆ, ವ್ಯಾಯಾಮ ಬೇರೆ. ನೂಲುವ ಯಂತ್ರದ ಮುಂದೆ ನಿಂತವನಿಗೆ ದಿನವಿಡೀ ಅದೇ ಕೈ, ಅದೇ ಭುಜ ತೇಯುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಬೆನ್ನು ಬಾಗುತ್ತದೆ, ಹೊಟ್ಟೆ ಬೆಳೆಯುತ್ತದೆ. ಗರಡಿಯಲ್ಲಿ ಇಡೀ ಮೈಗೆ ಕೆಲಸ. ದಂಡೆಯಿಂದ ಎದೆ ತೋಳು, ಬಸ್ಕಿಯಿಂದ ತೊಡೆ, ಗದೆ ತಿರುಗಿಸುವುದರಿಂದ ಭುಜ ಬಲಿಯುತ್ತವೆ. ಅಖಾಡದ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು ಸಡಿಲ ಮಾಡುವುದೂ ಒಂದು ಸಾಮೇ. ಹೊಸಬನಿಗೆ 10 ದಂಡೆ, 20 ಬಸ್ಕಿ ಸಾಕು. ಬಾದಾಮಿ ತುಪ್ಪಕ್ಕೆ ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ರಾಗಿ, ಹುರುಳಿ, ಕಡಲೆಕಾಯಿ, ಮೊಟ್ಟೆಯಿಂದಲೂ ಮೈ ಕಟ್ಟಬಹುದು.

ಒಂದು ಎಚ್ಚರಿಕೆ. ಹತ್ತಿಯ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ವಾರದ ರಜೆ ಕಳೆದು ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು ಆ ರೋಗದ ಗುರುತು. ಅಂಥವರು ಸಾಮಿಗೆ ಇಳಿಯುವ ಮುಂಚೆ ಇ.ಎಸ್.ಐ. ವೈದ್ಯರಿಗೆ ತೋರಿಸತಕ್ಕದ್ದು. ಧೂಳನ್ನು ತಡೆಯುವ ಏರ್ಪಾಡು ಮಾಲೀಕರ ಹೊಣೆ. ನಮ್ಮ ಎದೆ ಗಟ್ಟಿಯಾಯಿತೆಂದು ಅವರ ಹೊಣೆ ತಪ್ಪುವುದಿಲ್ಲ.

ಇನ್ನು ಪುಂಡರ ಮಾತು. ಪುಂಡರನ್ನು ಹುಟ್ಟಿಸುವುದು ಗರಡಿಯಲ್ಲ. ಕೆಲಸವಿಲ್ಲದ ಪೈಲ್ವಾನನನ್ನು ಸಾಲ ವಸೂಲಿಗೂ ಚುನಾವಣೆಗೂ ಬಾಡಿಗೆಗೆ ಹಿಡಿಯುವ ಹಣವಂತರೇ ಅವನನ್ನು ಪುಂಡನನ್ನಾಗಿ ಮಾಡುತ್ತಾರೆ. ಒಳ್ಳೆಯ ಉಸ್ತಾದ ಮೊದಲು ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾನೆ. ಆಮೇಲೆ ಪಟ್ಟು ಹಾಕುವುದು, ಪಟ್ಟು ಬಿಡಿಸಿಕೊಳ್ಳುವುದು. ದಿನವೂ ಬಿದ್ದು ಏಳುವವನಿಗೆ ಬೀದಿಯಲ್ಲಿ ಶೌರ್ಯ ಮೆರೆಯುವ ಚಪಲವಿರುವುದಿಲ್ಲ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಒಪ್ಪಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಇದೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ, ಅದಕ್ಕಿಂತ ಹೆಚ್ಚಿಲ್ಲ. ಗರಡಿ ಕಲಿಸುವ ಸಂಯಮವೂ ಇದೇ.

ಈ ವಿದ್ಯೆ ಒಂದು ಜಾತಿಯದೂ ಅಲ್ಲ, ಒಂದು ಮತದ್ದೂ ಅಲ್ಲ. ಮಲ್ಲ ಎಂಬುದು ಸಂಸ್ಕೃತದ ಮಾತು. ಕುಸ್ತಿ, ಉಸ್ತಾದ, ಪೈಲ್ವಾನ ಪಾರಸಿಯಿಂದ ಬಂದವು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲಯುದ್ಧವನ್ನು ಅರಸರ ವಿನೋದವೆಂದು ಬರೆದ. ಅರಸರ ವಿನೋದವನ್ನು ಜನರ ಹೆಮ್ಮೆಯಾಗಿ ಮಾಡಿದವರು ಬಡವರು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೊರಟಾಗ ಜನ ವಂತಿಗೆ ಎತ್ತಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ಸ್ವಂತ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದು ಹೀಗೆ.

ಹೆಣ್ಣುಮಕ್ಕಳನ್ನು ಹೊರಗಿಡುವ ಕಾಲವೂ ಮುಗಿಯಿತು. ಸಾಕ್ಷಿ ಮಲಿಕ್ 2016ರಲ್ಲಿ ರಿಯೋದಲ್ಲಿ ಕುಸ್ತಿಯಲ್ಲಿ ಕಂಚು ಗೆದ್ದರು. ಅದೇ ಹೆಣ್ಣುಮಗಳು 2023ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯಲ್ಲಿ ಧರಣಿ ಕೂರಬೇಕಾಯಿತು. ಕಲಿಯುವ ಜಾಗದಲ್ಲಿ ಮಾನಕ್ಕೆ ಭದ್ರತೆಯಿಲ್ಲದಿದ್ದರೆ ಕಲಿತ ವಿದ್ಯೆಗೆ ಏನು ಬೆಲೆ?

ಆದ್ದರಿಂದ ನಾವು ಐದು ಮಾತು ಕೇಳುತ್ತೇವೆ. ಗರಡಿಯ ಜಾಗವನ್ನು ಅಂಗಡಿ ಮಳಿಗೆಗೆಂದು ಯಾರಿಗೂ ಕೊಡಕೂಡದು. ನಗರಸಭೆ ಅಲ್ಲಿಗೆ ನೀರು, ದೀಪ ಒದಗಿಸಬೇಕು. ಎಲ್ಲ ಜಾತಿಯವರಿಗೂ ಬಾಗಿಲು ತೆರೆದಿರಬೇಕು. ಹುಡುಗಿಯರಿಗೆ ಪ್ರತ್ಯೇಕ ವೇಳೆ, ಕಲಿಸಲು ಹೆಂಗಸರೇ ಇರಬೇಕು. ಜಾತ್ರೆಯ ಕುಸ್ತಿಗೆ ಎತ್ತಿದ ವಂತಿಗೆಯ ಲೆಕ್ಕವನ್ನು ಗೋಡೆಗೆ ಅಂಟಿಸಬೇಕು.

ಕೇಳುವುದರ ಜೊತೆಗೆ ಮಾಡುವುದೂ ಇದೆ. ರಾತ್ರಿ ಪಾಳಿ ಇಲ್ಲದವರು ನಾಳೆ ಬೆಳಗಿನ ಐದಕ್ಕೆ ಗುದ್ದಲಿ ಹಿಡಿದು ಬನ್ನಿ. ಮಣ್ಣು ಅಗೆಯುವ ಕೆಲಸ ಬಾಕಿಯಿದೆ.