ಸೈಕಲ್ ಸವಾರರ ಗಾಯಕ್ಕೆ ಬೆಲೆ ಕಟ್ಟುವವರು ನಾವು

ಅಧ್ಯಕ್ಷರೇ, ವಕೀಲ ಮಿತ್ರರೇ, ವೈದ್ಯರೇ, ವಿಮಾ ಕಂಪನಿಗಳ ಅಧಿಕಾರಿಗಳೇ,

ಹೈದರಾಬಾದಿನ ಹೊರವರ್ತುಲ ರಸ್ತೆಯ ಪಕ್ಕ ಸೌರಫಲಕಗಳ ಚಾವಣಿ ಹೊದ್ದ 23 ಕಿಲೋಮೀಟರ್ ಸೈಕಲ್ ಪಥ 2023ರ ಅಕ್ಟೋಬರ್ 1ರಂದು ಆರಂಭವಾಯಿತು. ಅದು ಬೇಕಾದದ್ದೇ. ನಾನಿಂದು ಮಾತಾಡುತ್ತಿರುವುದು ಆ ಪಥವನ್ನು ಕಾಣದ ಸವಾರರ ಬಗ್ಗೆ. ನಸುಕಿನಲ್ಲಿ ಹಾಲಿನ ಪ್ಯಾಕೆಟ್ ಹಾಕುವವರು, ಚಹಾ ಮಾರುವವರು, ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಸೈಕಲ್ ತುಳಿಯುವವರು.

ಇವರ ಸೈಕಲ್ಲಿಗೆ ವಿಮೆ ಇಲ್ಲ, ಇರಲೇಬೇಕೆಂದು ಕಾನೂನೂ ಹೇಳುವುದಿಲ್ಲ. ಡಿಕ್ಕಿ ಹೊಡೆದ ವಾಹನದ ಥರ್ಡ್ ಪಾರ್ಟಿ ವಿಮೆಯೇ ಆಸರೆ. ವಾಹನ ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ದುಡಿಮೆಯ ನಷ್ಟವನ್ನೆಲ್ಲ ಲೆಕ್ಕ ಹಾಕುತ್ತದೆ. ಪತ್ತೆಯಾಗದಿದ್ದರೆ, ಗುದ್ದಿ ಓಡಿದ ವಾಹನಗಳಿಂದ ಪೆಟ್ಟಾದವರಿಗಾಗಿ ಇರುವ 2022ರ ಪರಿಹಾರ ಯೋಜನೆಯಂತೆ ತೀವ್ರ ಗಾಯಕ್ಕೆ 50,000 ರೂಪಾಯಿ, ಸತ್ತರೆ 2 ಲಕ್ಷ. ಹಾಗಾಗಿ ಕತ್ತಲಲ್ಲಿ ಯಾರೋ ನೋಡಿಟ್ಟುಕೊಂಡ ನಂಬರಿನ ಮೇಲೆ ಒಂದು ಸಂಸಾರವೇ ನಿಂತಿರುತ್ತದೆ. ಗುಂಡಿಗೆ ಬಿದ್ದವರಿಗಂತೂ ಈ ದಾರಿಯೂ ಇಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ ಹಣ ಕೊಡುತ್ತದೆ. ಮುರಿದು ಕೂಡಿಕೊಂಡ ಮೂಳೆಗೆ ಕೊಡುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಗಾಯವನ್ನು ಅಳೆಯುವ ರೀತಿ. ಎಡಗೈ ಕಳೆದುಕೊಂಡವರು ಸರ್ಕಾರಿ ಗುಮಾಸ್ತರಾದರೆ ನೌಕರಿ ಉಳಿಯಬಹುದು, ಬಡಗಿಯಾದರೆ ದುಡಿಮೆಯೇ ಮುಗಿದಂತೆ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಬಿಡಿಸಿ ಹೇಳಿತು. ಆದರೆ ನಮ್ಮ ಕೈಗೆ ಬರುವ ಪ್ರಮಾಣಪತ್ರದಲ್ಲಿ ‘ಬಲ ಮೊಣಕಾಲು, ಶೇ 20’ ಎಂದಷ್ಟೇ ಇರುತ್ತದೆ. ಆ ಕಾಲು ಪೆಡಲ್ ತುಳಿಯುವಷ್ಟು ಮಡಚುತ್ತದೆಯೇ? ಸಿಮೆಂಟಿನ ಚೀಲ ಹೊತ್ತು ಮೆಟ್ಟಿಲು ಹತ್ತಬಲ್ಲದೇ? ಡಾಕ್ಟರೇ, ದಯವಿಟ್ಟು ಅದನ್ನೂ ಬರೆಯಿರಿ. ವಕೀಲರು ಕೇಳದೆ ಬಿಟ್ಟರೆ ಆ ಶೇ 20 ದುಡಿಮೆಯ ನಷ್ಟವೂ ಆಗಿಬಿಡುತ್ತದೆ.

ಸಂಬಳದ ಚೀಟಿ ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕರ್ನಾಟಕದ ಕೂಲಿ ಕಾರ್ಮಿಕರೊಬ್ಬರ ತಿಂಗಳ ಆದಾಯವನ್ನು ನ್ಯಾಯಮಂಡಳಿ 3,000 ರೂಪಾಯಿ ಎಂದಿತ್ತು. ಅವರು ಹೇಳಿದ್ದು 4,500. ಚೀಟಿ ಇಲ್ಲದಿದ್ದರೂ ಆ ಮಾತನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಿತು. ಈ ತೀರ್ಪು ನಿಮ್ಮ ಫೈಲಿನಲ್ಲಿರಲಿ.

ಇನ್ನೊಂದು ಮಾತು. ಪೆಟ್ಟು ತಿಂದವರು ಊರಿಗೆ ಮರಳುತ್ತಾರೆ, ನೋಡಿಕೊಳ್ಳುವವರು ಅಲ್ಲಿದ್ದಾರೆ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ತಾವು ವಾಸವಿರುವ ಕಡೆಯೇ, ಬೀದರಿನಲ್ಲೇ, ಅರ್ಜಿ ಹಾಕಬಹುದು. ಆದರೆ ಎಫ್‌ಐಆರ್, ಸ್ಥಳದ ಮಹಜರು, ಸಾಕ್ಷಿ ಎಲ್ಲ ಹೈದರಾಬಾದಿನಲ್ಲೇ ಉಳಿಯುತ್ತವೆ. 2019ರ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅರ್ಧ ಕಳೆದಿರುತ್ತದೆ. 2022ರ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿ ಸಲ್ಲಿಸಬೇಕು. ಆ ಕಾಗದಗಳು ಗಡಿ ದಾಟಿ ಗಾಯಾಳುವಿನ ಊರಿನ ನ್ಯಾಯಮಂಡಳಿಗೆ ತಾವಾಗಿಯೇ ತಲುಪುವ ವ್ಯವಸ್ಥೆ ಹೇಗಿರಬೇಕು ಎಂಬುದರ ಕರಡನ್ನು ಈ ಸಮ್ಮೇಳನದ ಮೊದಲ ಗೋಷ್ಠಿಯೇ ಸಿದ್ಧಪಡಿಸಲಿ ಎಂದು ಕೇಳಿಕೊಳ್ಳುತ್ತೇನೆ.